ಕಾಫಿ ತೋಟದ ಕೈಗೆ ಸ್ವಿಸ್ ವಾಚು: ಒಂದು ಗುಟ್ಟಿನ ಉಡುಗೊರೆಯ ಪ್ರಕರಣ

ಚಿಕ್ಕಮಗಳೂರಿನಲ್ಲಿ ನಮ್ಮದು ವಾಚ್ ರಿಪೇರಿ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ದುಬಾರಿ ಸ್ವಿಸ್ ವಾಚು ನಮ್ಮಲ್ಲಿ ಸಿಗಲ್ಲ. ಆದರೂ ಅಂಥದ್ದನ್ನು ಕೊಳ್ಳುವ ಮುಂಚೆ ಒಂದು ಮಾತು ಕೇಳೋಣ ಅಂತ ಜನ ಬರುತ್ತಾರೆ. ಕೊಂಡ ಮೇಲೆ ನೀರು ಹೋಗಿ, ಬೂಷ್ಟು ಹಿಡಿದು ಬರುವ ವಾಚುಗಳನ್ನು ದಿನಾ ನೋಡುವವರು ನಾವೇ ಅಲ್ವಾ. ಇದು ಅಂಥ ಒಂದು ಪ್ರಕರಣ. ಗಂಡ ಹೆಂಡತಿ ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ.

ಹೆಂಡತಿ ಕಾಲೇಜಿನಲ್ಲಿ ಲೆಕ್ಚರರ್. ಯಜಮಾನರದು ಆಲ್ದೂರಿನ ಕಡೆ ಕಾಫಿ ತೋಟ. 2025ರ ಮೇ ತಿಂಗಳಿಗೆ ಮದುವೆಯಾಗಿ 25 ವರ್ಷ. ಮೇಡಂ ಕೈಯಲ್ಲಿ ಚೀಟಿ ಎತ್ತಿದ ದುಡ್ಡಿತ್ತು. ಸಂಬಳದ ಉಳಿತಾಯವನ್ನೂ ಸೇರಿಸಿದರೆ ಎರಡೂವರೆ ಲಕ್ಷದವರೆಗೆ ಹೋಗಬಹುದು ಅಂದರು.

"ಅಣ್ಣಾ, ಇವ್ರಿಗೆ ಗೊತ್ತಾಗಬಾರದು. ಕೇಳಿದ್ರೆ ಬೇಡ ಅಂತಾರೆ. ತೋಟಕ್ಕೆ ಹಾಕು ಅಂತಾರೆ."

ಮೇಡಂ ಹೇಳಿದ್ದು ಸರಿಯೇ. ಆ ವರ್ಷ ಕಾಫಿಗೆ ಹಿಂದೆಂದೂ ಕಾಣದ ರೇಟು ಬಂದಿತ್ತು. ಹಾಗಂತ ತೋಟದವರು ಕೈ ಬಿಚ್ಚಿ ಖರ್ಚು ಮಾಡಲ್ಲ. ರೇಟು ಇಳಿದ ವರ್ಷಗಳನ್ನೂ ಕಂಡವರು ಅವರು.

ಯಜಮಾನರು ಕಟ್ಟುತ್ತಿದ್ದದ್ದು ಎಚ್ಎಂಟಿ ಜನತಾ. ಅವರ ತಂದೆಯದು. ಒಳಗೆ ಸವೆತ ತಡೆಯುವ ಹದಿನೇಳು ಸಣ್ಣ ಕಲ್ಲು, ಅಂದರೆ ಜುವೆಲ್ ಇರುವ, ಕೀ ಕೊಡುವ ವಾಚು. ಎಚ್ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದರು. ಮದುವೆ ಆಗಲಿ, ಕೆಲಸ ಸಿಗಲಿ, ನಮ್ಮ ಅಪ್ಪಂದಿರ ಕಾಲದವರ ಕೈಗೆ ಬಂದದ್ದು ಅದೇ ವಾಚು. 2016ರಲ್ಲಿ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಈಗ ಬಿಡಿಭಾಗ ಬೇಕು ಅಂದರೆ ಹಳೇ ಸ್ಟಾಕ್ ಹುಡುಕಬೇಕು, ಇಲ್ಲಾಂದ್ರೆ ನಿಂತುಹೋದ ಇನ್ನೊಂದು ವಾಚಿನಿಂದ ಬಿಚ್ಚಿ ಹಾಕಬೇಕು.

ಆ ಹಳೇ ವಾಚಿನ ಜಾಗಕ್ಕೆ ಹೊಸದು ತರಬೇಕು ಅನ್ನೋದು ಮೇಡಂ ಲೆಕ್ಕ. ನಾನು ಬಜೆಟ್, ಬ್ರ್ಯಾಂಡು ಬದಿಗಿಟ್ಟು ಒಂದು ಪ್ರಶ್ನೆ ಕೇಳಿದೆ. "ಸಾರ್ ವಾಚು ಕಟ್ಟದೇ ಇರೋದು ಯಾವಾಗ ಮೇಡಂ?"

"ಮಳೆಗಾಲದಲ್ಲಿ ಕಟ್ಟಲ್ಲ ಅಣ್ಣ. ಜೂನ್ ಬಂತು ಅಂದ್ರೆ ಬೀರುವಿನಲ್ಲಿ ಇಟ್ಟುಬಿಡ್ತಾರೆ, ಅಪ್ಪನ ವಾಚಿಗೆ ನೀರು ಹೋಗುತ್ತೆ ಅಂತ. ಟೈಮ್ ನೋಡೋಕೆ ರೇನ್‌ಕೋಟ್ ಒಳಗಿಂದ ಮೊಬೈಲ್ ತೆಗೀತಾರೆ."

ನನ್ನ ಮಟ್ಟಿಗೆ ಅಲ್ಲಿಗೇ ಅರ್ಧ ಕೆಲಸ ಮುಗಿಯಿತು. ತಂದೆಯ ವಾಚನ್ನು ಕೈಯಿಂದ ಇಳಿಸಿ ಕೂರಲು ಹೊರಟ ವಾಚು ಎಷ್ಟು ಲಕ್ಷದ್ದಾದರೂ ಆ ಮನೆಯಲ್ಲಿ ಬೀರು ಸೇರುತ್ತದೆ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಆ ಕೈ ಬರಿದಾಗಿಯೇ ಇತ್ತು. ಜನತಾ ಹೋಗಲಾರದ ಮಳೆಗೆ ಹೋಗುವ ವಾಚು ತಂದರೆ ಯಾರ ಜಾಗವನ್ನೂ ಯಾರೂ ಕಿತ್ತುಕೊಂಡಂತಾಗಲ್ಲ. ಇದನ್ನು ಹೇಳಿದಾಗ ಮೇಡಂ ಮುಖದಲ್ಲಿ ಒಂದು ನಿರಾಳ ಕಂಡಿತು. ಮಾವನವರ ವಾಚನ್ನು ಬಿಡಿಸಬೇಕಲ್ಲ ಅನ್ನೋ ಸಂಕಟ ಅವರಿಗೂ ಒಳಗೊಳಗೇ ಇತ್ತು ಅಂತ ಕಾಣುತ್ತೆ.

ಬೇಡ ಅಂದದ್ದು ಯಾವುದು, ಯಾಕೆ

ಮೇಡಂ ಮೊಬೈಲಿನಲ್ಲಿ ಒಂದು ಫೋಟೋ ಇಟ್ಟುಕೊಂಡು ಬಂದಿದ್ದರು. ಚಿನ್ನದ ಬಣ್ಣದ, ತೆಳ್ಳನೆಯ, ಕಂದು ಚರ್ಮದ ಬೆಲ್ಟಿನ ವಾಚು. ನೋಡೋಕೆ ನಿಜಕ್ಕೂ ಚೆಂದ. ಹಿಂಬದಿಯಲ್ಲಿ 30 ಮೀಟರ್ ಅಂತ ಬರೆದಿತ್ತು. ಬಹಳ ಜನ ಮೋಸ ಹೋಗುವುದು ಈ ಸಂಖ್ಯೆಯಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 30 ಮೀಟರ್ ಅಂದರೆ ಅಷ್ಟು ಆಳಕ್ಕೆ ಮುಳುಗಿಸಬಹುದು ಅಂತ ಅರ್ಥ ಅಲ್ಲ. ಅಲುಗಾಡದ ನೀರಿನಲ್ಲಿ, ಹೊಸ ವಾಚು, ಅಷ್ಟು ಒತ್ತಡ ತಡೆಯಿತು ಅಂತ ಅರ್ಥ. ಬಳಸುವಾಗ ಅದು ಕೈ ತೊಳೆಯುವಾಗಿನ ನಾಲ್ಕು ಹನಿಗೆ ಸಾಕು, ಅಷ್ಟೇ. ಇಡೀ ದಿನ ಮಳೆಯಲ್ಲಿ ನೆನೆಯುವವರಿಗೆ, ಕೆಸರು ಹತ್ತಿದ ಕೈಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವವರಿಗೆ ಕಡಿಮೆ ಅಂದರೂ 100 ಮೀಟರ್ ಇರಬೇಕು. ಜೊತೆಗೆ ಕೀ, ಅಂದರೆ ವಾಚಿನ ಪಕ್ಕದಲ್ಲಿ ತಿರುಗಿಸುವ ಗುಂಡಿ, ತಿರುಪಿ ಮುಚ್ಚುವಂಥದ್ದಾಗಿರಬೇಕು. ನೀರು ಒಳಗೆ ಹೋಗುವುದು ಹೆಚ್ಚಾಗಿ ಕೀ ಇರುವ ಸಂದಿಯಿಂದಲೇ.

ಇನ್ನು ಚರ್ಮದ ಬೆಲ್ಟು. ನಮ್ಮ ಮಲೆನಾಡಿನ ಜುಲೈನಲ್ಲಿ ಬೀರುವಿನಲ್ಲಿಟ್ಟ ಬೆಲ್ಟು, ಚಪ್ಪಲಿ, ಪರ್ಸು ಏನಾಗುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಎಷ್ಟು ದುಬಾರಿ ಚರ್ಮವಾದರೂ ಬೂಷ್ಟು ಬಿಡಲ್ಲ. ಸ್ಟೀಲ್ ಚೈನೇ ಸರಿ ಅಂದೆ.

ಮೇಡಂ ತಮ್ಮ ದುಬೈನಲ್ಲಿದ್ದಾರೆ. "ನಾನೇ ತರ್ತೀನಿ ಅಕ್ಕ, ಅಲ್ಲಿ ಕಮ್ಮಿ" ಅಂತ 44 ಮಿಲಿಮೀಟರಿನ, ಮೂರು ಸಣ್ಣ ಡಯಲ್ ಇರುವ ದೊಡ್ಡ ವಾಚೊಂದನ್ನು ತೋರಿಸಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಂಥ ವಾಚು ತಂದರೆ ಏರ್‌ಪೋರ್ಟಿನಲ್ಲಿ ಘೋಷಿಸಿ ಸುಂಕ ಕಟ್ಟಬೇಕು. ಕಟ್ಟಿದ ಮೇಲೆ ಆ ಕಮ್ಮಿ ಎಷ್ಟು ಉಳಿಯುತ್ತೆ ಅಂತ ಮೊದಲೇ ಲೆಕ್ಕ ಹಾಕಬೇಕು. ಕೈಗೆ ಕಟ್ಟಿಕೊಂಡು ಸುಮ್ನೆ ಬಂದುಬಿಡು ಅಂತ ತಮ್ಮನಿಗೆ ಹೇಳುವುದು ಯಾವ ಅಕ್ಕನಿಗೂ ಶೋಭೆಯಲ್ಲ, ಸಿಕ್ಕಿಬಿದ್ದರೆ ದಂಡ ಬೇರೆ. ಸುಂಕದ ಮಾತು ಬಂದದ್ದರಿಂದ ಇನ್ನೊಂದು: ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಗುಂಪಿನ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚುಗಳ ಮೇಲಿನ ಸುಂಕ ವರ್ಷ ವರ್ಷಕ್ಕೆ ಇಳಿಯುತ್ತಾ ಹೋಗಬೇಕು. ಈ ಖರೀದಿಗೆ ಅದು ಒದಗಲಿಲ್ಲ. ಮದುವೆಯ ದಿನ ಒಪ್ಪಂದಕ್ಕೆ ಕಾಯಲ್ಲವಲ್ಲ.

ಮಗಳು ಸ್ಮಾರ್ಟ್ ವಾಚು ಸಾಕು ಅಂದಳಂತೆ. ಗಾಳಿ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಕಡೆ ಚಾರ್ಜ್ ಮಾಡಬೇಕಾದ ಇನ್ನೊಂದು ವಸ್ತು ಯಾಕೆ? ಅದನ್ನು ಅಲ್ಲಿಗೇ ಬಿಟ್ಟೆವು.

ಹೂಡಿಕೆಯ ಮಾತೂ ಬಂತು. ಸ್ಟಾಫ್ ರೂಮಿನಲ್ಲಿ ಯಾರೋ "ತಗೊಂಡ್ರೆ ರೋಲೆಕ್ಸ್ ತಗೊಳ್ಳಿ, ಬೆಲೆ ಏರುತ್ತೆ" ಅಂದಿದ್ದರು. ಕೆಲವೇ ಕಂಪನಿಗಳ ಕೆಲವೇ ಮಾದರಿಗಳಿಗೆ ಮಾತ್ರ ಅದು ನಿಜ. ಉಳಿದ ಬಹುಪಾಲು ವಾಚುಗಳು ಅಂಗಡಿಯ ಬಾಗಿಲು ದಾಟುತ್ತಿದ್ದ ಹಾಗೇ ಬೆಲೆ ಕಳೆದುಕೊಳ್ಳುತ್ತವೆ. ಗಂಡನಿಗೆ ಕೊಡುವ ವಾಚನ್ನು ಮಾರುವ ಲೆಕ್ಕದಲ್ಲಿ ಆರಿಸಿದರೆ ಅವರು ಗೀರು ಬಿದ್ದೀತು ಅಂತ ಕಟ್ಟುವುದೇ ಇಲ್ಲ. ನಾನು ಇದರಲ್ಲಿ ಖಡಾಖಂಡಿತ.

ಇನ್‌ಸ್ಟಾಗ್ರಾಮಿನಲ್ಲಿ ಸಿಗುವ ಫಸ್ಟ್ ಕಾಪಿ ಬಗ್ಗೆ ಒಂದೇ ಮಾತು. ನಕಲಿ, ಅಷ್ಟೇ. ಅಂಥವು ನಮ್ಮ ಟೇಬಲ್ಲಿಗೆ ಬಂದಾಗ ಬಿಚ್ಚಿ ನೋಡಿದರೆ ಒಳಗೆ ಸಾಧಾರಣ ಮಿಷಿನ್ನು, ಬರೆದ ಹೆಸರಿಗೂ ಅದಕ್ಕೂ ಸಂಬಂಧವೇ ಇರಲ್ಲ.

ಅಳತೆ ತೆಗೆದ ಬಗೆ

ಗುಟ್ಟಿನ ಉಡುಗೊರೆಯಲ್ಲಿ ಬಿಕ್ಕಟ್ಟು ಇರುವುದು ಇಲ್ಲೇ. ಸೀರೆಗೆ ಅಳತೆ ಬೇಡ, ವಾಚಿಗೆ ಬೇಕು. ಮಲಗಿದಾಗ ದಾರ ಸುತ್ತಿ ಅಳೆಯುವ ಸಾಹಸ ಬೇಡ ಅಂದೆ. ಎಚ್ಎಂಟಿಯನ್ನು ಸರ್ವಿಸ್‌ಗೆ ಅಂತ ನನ್ನ ಹತ್ತಿರ ಕಳಿಸಿಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅಂದೆ. ಅದಕ್ಕೆ ಸರ್ವಿಸ್ ಬೇಕಾಗಿಯೂ ಇತ್ತು, ದಿನಕ್ಕೆ ಕೆಲವು ನಿಮಿಷ ಹಿಂದೆ ಬೀಳುತ್ತಿತ್ತು. ಹಾಗಾಗಿ ಸುಳ್ಳು ಹೇಳಿದಂತೆಯೂ ಆಗಲಿಲ್ಲ.

ವಾಚು ಟೇಬಲ್ಲಿಗೆ ಬಂದಾಗ ಮೊದಲು ನೋಡಿದ್ದು ಬೆಲ್ಟು. ಒಂದು ತೂತು ಮಾತ್ರ ಅಗಲವಾಗಿ, ಅದರ ಸುತ್ತ ಚರ್ಮ ಕಪ್ಪಾಗಿ ಒತ್ತಿಹೋಗಿತ್ತು. ಪಕ್ಕದ ತೂತುಗಳು ಹೊಸದರಂತೆ ಇದ್ದವು. ಅಂದರೆ ಚಳಿಗಾಲ ಬೇಸಿಗೆ ಅನ್ನದೆ ಒಂದೇ ಬಿಗಿಗೆ ಕಟ್ಟುವ ಕೈ. ಬೆಲ್ಟನ್ನು ಅದೇ ತೂತಿಗೆ ಸಿಗಿಸಿ ಒಳಸುತ್ತು ಅಳೆದೆ, 17 ಸೆಂಟಿಮೀಟರ್‌ಗೆ ಸ್ವಲ್ಪ ಕಡಿಮೆ ಬಂತು. ಸಣ್ಣ ಮಣಿಕಟ್ಟು. ವರ್ನಿಯರ್ ಹಿಡಿದು ವಾಚಿನ ಅಗಲ ನೋಡಿದೆ, ಸುಮಾರು 35 ಮಿಲಿಮೀಟರ್. ಇಷ್ಟು ವರ್ಷ ಆ ಅಳತೆಗೆ ಒಗ್ಗಿದವರಿಗೆ 44 ಕಟ್ಟಿದರೆ ಕೈ ಮೇಲೆ ತಟ್ಟೆ ಇಟ್ಟಂತಾಗುತ್ತೆ. 36ರಿಂದ 39ರೊಳಗೆ ಹುಡುಕಿ ಅಂದೆ. ಅಗಲಕ್ಕಿಂತಲೂ ಮೇಲಿನ ಕೊಂಬಿನಿಂದ ಕೆಳಗಿನ ಕೊಂಬಿನವರೆಗಿನ ಉದ್ದ ಮುಖ್ಯ. ಚೈನು ಸಿಗಿಸುವ ಆ ತುದಿಗಳು ಮಣಿಕಟ್ಟಿನ ಅಂಚು ದಾಟಿ ಹೊರಗೆ ಚಾಚಬಾರದು.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕೀ ಸುತ್ತಲಿನ ಹಿಡಿತದ ಹಲ್ಲುಗಳು ಪೂರ್ತಿ ಸವೆದು ನುಣ್ಣಗಾಗಿದ್ದವು. ದಿನಾ ತಪ್ಪದೆ ಕೀ ಕೊಡುವವರ ವಾಚು ಹಾಗಿರುತ್ತೆ. ಮೇಡಂ ಹೌದು ಅಂದರು. ಬೆಳಿಗ್ಗೆ ಕಾಫಿ ಕುಡಿದು, ಲೋಟ ಇಟ್ಟು, ವಾಚಿಗೆ ಕೀ ಕೊಟ್ಟ ಮೇಲೇ ತೋಟಕ್ಕೆ ಇಳಿಯುವುದಂತೆ. ಇದನ್ನು ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಯ್ಕೆ

ಸೆಲ್ ವಾಚೋ, ಕೀ ಕೊಡುವುದೋ, ಆಟೋಮ್ಯಾಟಿಕ್ಕೋ ಅಂತ ತೀರ್ಮಾನಿಸಬೇಕಿತ್ತು. ಒಂದು ವಿಷಯವನ್ನು ಕೊಳ್ಳುವವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ: ದುಬಾರಿ ಮೆಕ್ಯಾನಿಕಲ್ ವಾಚು ಟೈಮ್ ತೋರಿಸುವುದರಲ್ಲಿ ಎರಡು ಸಾವಿರದ ಸೆಲ್ ವಾಚಿನ ಮುಂದೆ ಸೋಲುತ್ತದೆ. ಸೆಲ್ ವಾಚಿನೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ತಿಂಗಳಿಗೆ ಕೆಲವು ಸೆಕೆಂಡ್ ಮಾತ್ರ ಆಚೀಚೆ. ಸ್ವಿಟ್ಜರ್ಲೆಂಡಿನ ಕಾಸ್ಕ್ ಸಂಸ್ಥೆ ಹದಿನೈದು ದಿನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಮಿಷಿನ್ನಿಗೂ ದಿನಕ್ಕೆ ಸರಾಸರಿ ನಾಲ್ಕು ಸೆಕೆಂಡ್ ಹಿಂದೆ, ಆರು ಸೆಕೆಂಡ್ ಮುಂದೆ ಹೋಗುವ ಅವಕಾಶವಿದೆ. ಇದು ಗೊತ್ತಿಲ್ಲದೆ ಕೊಂಡವರು ತಿಂಗಳ ಕೊನೆಗೆ ವಾಚು ಕೆಟ್ಟಿದೆ ಅಂತ ಬರುತ್ತಾರೆ.

ಹಾಗಾದರೆ ಸೆಲ್ ವಾಚೇ ಕೊಡಬಹುದಿತ್ತಲ್ಲ? ಕೊಡಬಹುದಿತ್ತು. ಆದರೆ ಇಷ್ಟು ವರ್ಷ ಕೀ ಕೊಡುವ ವಾಚಿನ ಟಿಕ್ ಟಿಕ್ ಕೇಳಿದ ಮನುಷ್ಯ. ಒಳಗೆ ಸ್ಪ್ರಿಂಗು, ಚಕ್ರ ತಿರುಗುವ ವಾಚೇ ಅವರಿಗೆ ವಾಚು. ಅದಕ್ಕೇ ಆಟೋಮ್ಯಾಟಿಕ್. ಕೈ ಆಡಿದಂತೆ ತಾನೇ ಕೀ ಏರಿಸಿಕೊಳ್ಳುತ್ತೆ, ಸೆಲ್ ಬೇಡ.

ಕೊನೆಗೆ ಮೇಡಂ ಆರಿಸಿದ್ದು ಲಾಂಜಿನ್ಸ್ ಸ್ಪಿರಿಟ್, 37 ಮಿಲಿಮೀಟರಿನದು, ಸ್ಟೀಲ್ ಚೈನು. 1832ರಿಂದ ಸ್ವಿಟ್ಜರ್ಲೆಂಡಿನ ಸೇಂಟ್ ಇಮಿಯೆ ಊರಿನಲ್ಲಿರುವ ಕಂಪನಿ. 100 ಮೀಟರ್, ತಿರುಪಿನ ಕೀ, ಸುಲಭಕ್ಕೆ ಗೀರು ಬೀಳದ ಸಫೈರ್ ಗಾಜು, ಕಾಸ್ಕ್ ಸರ್ಟಿಫಿಕೇಟ್. ವಾಚಿನ ಓಟವನ್ನು ಹಿಡಿತದಲ್ಲಿಡುವ ಸಣ್ಣ ಸುರುಳಿ, ಅಂದರೆ ಹೇರ್ ಸ್ಪ್ರಿಂಗ್, ಸಿಲಿಕಾನಿನದು, ಅದಕ್ಕೆ ಅಯಸ್ಕಾಂತ ಹತ್ತಲ್ಲ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಯಜಮಾನರ ಪಿಕಪ್ಪಿನಲ್ಲಿ ಮೊಬೈಲ್ ಅಂಟಿಸುವ ಮ್ಯಾಗ್ನೆಟ್ ಸ್ಟ್ಯಾಂಡು ಇತ್ತು. ಸ್ಟೀರಿಂಗ್ ಹಿಡಿದ ಕೈ ದಿನಾ ಅದರ ಹತ್ತಿರವೇ ಓಡಾಡುತ್ತೆ. ಮಾಮೂಲಿ ಹೇರ್ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತೆ. ಪೂರ್ತಿ ಕೀ ಏರಿದ ಮೇಲೆ ಎಪ್ಪತ್ತೆರಡು ಗಂಟೆ ಓಡುವ ಮಿಷಿನ್ ಇದು. ಹಬ್ಬಕ್ಕೋ ಮದುವೆಗೋ ಎರಡು ದಿನ ಜನತಾ ಕಟ್ಟಿದರೂ ಮೂರನೇ ದಿನ ಇದು ನಡೀತಾನೇ ಇರುತ್ತೆ.

ಆದರೆ ಮೇಡಂ ಆರಿಸಿದ್ದು ಇದ್ಯಾವುದಕ್ಕೂ ಅಲ್ಲ. ಡಯಲ್ ಮೇಲೆ ಗೀಟುಗಳ ಬದಲು ದೊಡ್ಡ ಅಂಕಿಗಳಿದ್ದವು. "ಇವ್ರು ಕನ್ನಡಕ ಹುಡುಕ್ಕೊಂಡು ಟೈಮ್ ನೋಡ್ತಾರೆ ಅಣ್ಣ, ಇದಾದ್ರೆ ಹಾಗೇ ಕಾಣುತ್ತೆ." ಇಷ್ಟೆಲ್ಲ ತಾಂತ್ರಿಕ ಮಾತಾಡಿದ ನನಗೆ ಅದು ಹೊಳೆದೇ ಇರಲಿಲ್ಲ. ಜೊತೆಯಲ್ಲಿ ಬಾಳಿದವರಿಗೆ ಕಾಣುವುದು ಅಂಗಡಿಯವರಿಗೆ ಕಾಣಲ್ಲ.

ಬೆಂಗಳೂರಿನ ಅಧಿಕೃತ ಅಂಗಡಿಯಲ್ಲೇ ಕೊಂಡರು. ಬೆಲೆ ಎರಡು ಲಕ್ಷ ದಾಟಿತು, ಎರಡೂವರೆಯೊಳಗೆ ಬಂತು. ಎರಡು ಲಕ್ಷಕ್ಕಿಂತ ಮೇಲಿನ ಖರೀದಿಗೆ ಪ್ಯಾನ್ ಕೊಡಬೇಕು, ಅಷ್ಟು ಮೊತ್ತವನ್ನು ನಗದಾಗಿ ತೆಗೆದುಕೊಳ್ಳುವ ಹಾಗೂ ಇಲ್ಲ. ಜಂಟಿ ಖಾತೆಯಿಂದ ಕಟ್ಟಿದ್ದರೆ ಅಲ್ಲೇ ಗುಟ್ಟು ರಟ್ಟಾಗುತ್ತಿತ್ತು, ಮೆಸೇಜು ಯಜಮಾನರ ಮೊಬೈಲಿಗೇ ಹೋಗುತ್ತಿತ್ತು. ಮೇಡಂ ಸಂಬಳದ ಖಾತೆಯಿಂದ ಕಟ್ಟಿದರು. ಗಂಡ ಹೆಂಡತಿ ನಡುವಿನ ಉಡುಗೊರೆಗೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಾಗಿಲ್ಲ.

ಚೈನನ್ನು ಮೊದಲೇ ಕಡಿಮೆ ಮಾಡಿಸಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆವು. ಕೊಂಡಿ ತೆಗೆದ ವಾಚನ್ನು ಅಂಗಡಿಯವರು ಬದಲಾಯಿಸಿ ಕೊಡುವುದು ಕಷ್ಟ. ತೆಗೆಸದಿದ್ದರೆ ಕೊಟ್ಟ ದಿನ ವಾಚು ಬಳೆಯ ಹಾಗೆ ಮೊಣಕೈಗೆ ಜಾರುತ್ತೆ, ಕಟ್ಟಿ ನೋಡುವ ಖುಷಿಯೇ ಹೋಗುತ್ತೆ. ನಮ್ಮ ಕೈಯಲ್ಲಿ ನಂಬುವಂಥ ಅಳತೆ ಇತ್ತು. ಹಾಗಾಗಿ ಅಂಗಡಿಯವರ ಕೈಯಲ್ಲೇ ತೆಗೆಸಿ, ಅಳತೆಗಿಂತ ಒಂದು ಕೊಂಡಿ ಜಾಸ್ತಿ ಉಳಿಸಿಕೊಳ್ಳಿ ಅಂದೆ. ತೆಗೆದ ಕೊಂಡಿಗಳನ್ನು ಕೇಳಿ ಇಸ್ಕೊಂಡು ಬನ್ನಿ ಅಂತಲೂ ಹೇಳಿದೆ. ಎಷ್ಟೋ ಜನ ಅದನ್ನು ಅಲ್ಲೇ ಬಿಟ್ಟು ಬರುತ್ತಾರೆ, ಆಮೇಲೆ ಕೈ ದಪ್ಪ ಆದಾಗ ಹುಡುಕುತ್ತಾರೆ. ವಾರಂಟಿ ಕಾರ್ಡಿನ ನಂಬರೂ ವಾಚಿನ ಹಿಂಬದಿಯ ನಂಬರೂ ಒಂದೇನಾ ಅಂತ ಅಲ್ಲೇ ನಿಂತು ತಾಳೆ ನೋಡಿದರಂತೆ. ಒಳ್ಳೆಯದು ಮಾಡಿದರು.

ಕೊಟ್ಟ ಮೇಲೆ

ಕೊಡುವ ಕ್ರಮವನ್ನು ಮೇಡಂ ತಾವೇ ಯೋಚಿಸಿದ್ದು. ಮೊದಲು ಎಚ್ಎಂಟಿಯನ್ನು ಕೈಗಿಟ್ಟರು. ಸರ್ವಿಸ್ ಆಗಿ, ಡಯಲ್ಲಿನ ದೂಳು ಹೋಗಿ, ಹೊಸ ಬೆಲ್ಟ್ ಹಾಕಿಸಿಕೊಂಡ ಅಪ್ಪನ ವಾಚು. ಅದನ್ನು ನೋಡಿ ಯಜಮಾನರು ಖುಷಿಯಾದ ಮೇಲೆ ಎರಡನೇ ಡಬ್ಬಿ. "ಇದು ಅಪ್ಪನ ವಾಚಿಗೆ ಬದಲಲ್ಲ, ಮಳೆಗಾಲಕ್ಕೆ" ಅಂದರಂತೆ. ಎಷ್ಟಾಯ್ತು ಅಂತ ಅವರು ಕೇಳಿದ್ದೂ, ಚೀಟಿ ದುಡ್ಡು ಸುಮ್ನಿರಿ ಅಂತ ಇವರು ಹೇಳಿದ್ದೂ ನಡೆಯಿತು.

ಆ ವರ್ಷ ಮಳೆ ಮೇ ಕೊನೆಯಲ್ಲೇ ಹಿಡಿಯಿತು. ಯಜಮಾನರು ವಾಚು ಕಟ್ಟಿಕೊಂಡೇ ತೋಟಕ್ಕೆ ಇಳಿದರು. ಜೂನ್‌ನಲ್ಲಿ ಒಂದು ದಿನ ಪೇಟೆಗೆ ಬಂದವರು ಅಂಗಡಿಗೆ ಬಂದು ಕೈ ಮುಂದೆ ಮಾಡಿದರು. "ನಿಮ್ಮದೂ ಕೈವಾಡ ಇದೆಯಂತಲ್ಲ?" ನಾನು ನೋಡಿದ್ದು ಕೀ. ಅದು ಮುಚ್ಚಿರಲಿಲ್ಲ, ತಿರುಪು ಬಿಚ್ಚಿ ಹೊರಗೆ ನಿಂತಿತ್ತು.

ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡದ್ದು ಇದಕ್ಕೇ. ಬೆಳಿಗ್ಗೆ ಕಾಫಿ ಆದ ಮೇಲೆ ಕೀ ಕೊಡುವ ಕೈ ಆಟೋಮ್ಯಾಟಿಕ್ ಬಂದರೂ ಸುಮ್ಮನಿರಲ್ಲ. ದಿನಾ ತಿರುಪು ಬಿಚ್ಚಿ ಕೀ ಕೊಡುತ್ತೆ, ಒಂದು ದಿನ ಮುಚ್ಚೋಕೆ ಮರೆಯುತ್ತೆ. ಕೀ ತೆರೆದ ವಾಚಿಗೆ 100 ಮೀಟರ್ ಅಂತ ಬರೆದಿದ್ದೂ ಒಂದೇ, ಬರೆಯದಿದ್ದದ್ದೂ ಒಂದೇ. ಮೇಡಂಗೆ ಮೊದಲೇ ಎಚ್ಚರಿಸಿದ್ದೆ. ಅವರೂ ಹೇಳಿದ್ದರು, ಇವರು ತಲೆ ಆಡಿಸಿದ್ದರು. ಪುಣ್ಯಕ್ಕೆ ಗಾಜಿನ ಒಳಗೆ ಮಂಜು ಕಟ್ಟಿರಲಿಲ್ಲ. ಕೀ ಒತ್ತಿ ಹಿಡಿದು, ನಿಧಾನವಾಗಿ ತಿರುಪಿ ಮುಚ್ಚುವುದನ್ನು ಅವರ ಕೈಯಲ್ಲೇ ಮಾಡಿಸಿದೆ.

"ಸಾರ್, ಇದಕ್ಕೆ ದಿನಾ ಕೀ ಬೇಡ. ನೀವು ನಡೆದ್ರೆ ಅದೇ ಏರುತ್ತೆ."

"ಹಾಗಾದ್ರೆ ಬೆಳಿಗ್ಗೆ ಏನ್ ಮಾಡ್ಲಿ?"

ತಮಾಷೆಗೆ ಕೇಳಿದ್ದಲ್ಲ. ಜನತಾಕ್ಕೆ ಕೊಡಿ ಅಂದೆ. ಮಳೆಗಾಲದಲ್ಲಿ ಬೀರುವಿನಲ್ಲಿ ನಿಂತೇ ಇರುತ್ತಿದ್ದ ವಾಚು ಅದು. ತಿಂಗಳುಗಟ್ಟಲೆ ನಿಂತ ವಾಚಿನ ಎಣ್ಣೆ ಗಟ್ಟಿಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನಡೆಯುತ್ತಿದ್ದರೆ ಅದಕ್ಕೂ ಒಳ್ಳೆಯದು. ಈಗ ಬೆಳಿಗ್ಗೆ ಅದಕ್ಕೆ ಕೀ ಕೊಟ್ಟು, ಬೀರುವಿನಲ್ಲಿಟ್ಟು, ಇದನ್ನು ಕಟ್ಟಿಕೊಂಡು ಹೋಗುತ್ತಾರೆ.

ಅವತ್ತೇ ಇನ್ನೂ ಮೂರು ವಿಷಯ ಹೇಳಿ ಕಳಿಸಿದೆ. ಕಳೆ ಹೊಡೆಯುವ ಮಿಷಿನ್ ಹಿಡಿಯುವಾಗ, ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಕಡಿಯಲು, ಗರಗಸ ಹಿಡಿಯುವಾಗ ವಾಚು ಬಿಚ್ಚಿಡಿ, ಆ ನಡುಕ ಮಿಷಿನ್ನಿಗೆ ಒಳ್ಳೆಯದಲ್ಲ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಿದ ದಿನ ಬರೀ ನೀರಲ್ಲಿ ತೊಳೆದು ಒರೆಸಿ, ಸುಣ್ಣ ಮೈಲುತುತ್ತ ಚೈನಿನ ಸಂದಿಯಲ್ಲಿ ಕೂರಬಾರದು. ಹಂಡೆ ನೀರಿನ ಸ್ನಾನಕ್ಕೆ ಮಾತ್ರ ಕಟ್ಟಲೇಬೇಡಿ. ತಣ್ಣನೆ ಮಳೆ ತಡೆಯುವ ರಬ್ಬರ್ ವಾಷರು ಬಿಸಿ ನೀರು, ಸೋಪಿಗೆ ಬೇಗ ಸಡಿಲವಾಗುತ್ತೆ.

ಇನ್ನು ಮುಂದಿನ ಖರ್ಚು. ವಾಷರು ಗಟ್ಟಿ ಇದೆಯಾ ಅಂತ ಆಗಾಗ, ಮಳೆಗೆ ಮುಂಚೆ, ಒತ್ತಡದ ಪರೀಕ್ಷೆ ಮಾಡಿಸಬೇಕು. ಕೆಲವು ವರ್ಷಕ್ಕೊಮ್ಮೆ ಪೂರ್ತಿ ಸರ್ವಿಸ್ ಬರುತ್ತೆ, ಅದು ಸಾವಿರಗಳಲ್ಲಿ. ಆ ಪರೀಕ್ಷೆಯ ಮಿಷಿನ್ ನನ್ನ ಹತ್ತಿರ ಇಲ್ಲ. ವಾರಂಟಿ ಇರುವಾಗ ಹೊರಗಿನವರು ಹಿಂಬದಿ ಬಿಚ್ಚಿದರೆ ಕಂಪನಿಯವರು ಒಪ್ಪುವುದೂ ಇಲ್ಲ. ಹಾಗಾಗಿ ಅದು ಬೆಂಗಳೂರಿನ ಸರ್ವಿಸ್ ಸೆಂಟರಿಗೇ ಹೋಗಬೇಕು ಅಂತ ಯಜಮಾನರಿಗೆ ಹೇಳಿದ್ದೇನೆ. ಜನತಾ ಮಾತ್ರ ನಮ್ಮ ಅಂಗಡಿಗೆ ಬರುತ್ತೆ.